ರೇವಾಲ್ ಕುದುರೆ ಬೇಕಾ? ಬಣ್ಣ ಬಿಡಿ, ನಡಿಗೆ ನೋಡಿ

ಸವಾರಿ ಕಲಿಯಲು ಹೋದವರೆಲ್ಲ ಮೊದಲ ವಾರ ಹೇಳುವುದು ಒಂದೇ ಮಾತು: ಸೊಂಟ ಹೋಯ್ತು. ಇದಕ್ಕೆ ಕಾರಣ ಕುಕ್ಕುಲೋಟ. ರೈಡಿಂಗ್ ಶಾಲೆಯವರು ಇದನ್ನು ಟ್ರಾಟ್ ಅನ್ನುತ್ತಾರೆ. ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಆಮೇಲೆ ಇನ್ನೊಂದು ಜೋಡಿ. ನಡುವೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ. ಕುದುರೆ ಕೆಳಗಿಳಿದಾಗ ನಿಮ್ಮ ಬೆನ್ನಿಗೆ ಏಟು ಬೀಳುತ್ತದೆ.

ಈ ಏಟೇ ಇಲ್ಲದ ನಡಿಗೆಯ ಕುದುರೆಗಳು ನಮ್ಮ ದೇಶದಲ್ಲೇ ಇವೆ. ರಾಜಸ್ಥಾನದ ಮಾರ್ವಾಡಿ, ಗುಜರಾತಿನ ಸೌರಾಷ್ಟ್ರದ ಕಾಠಿಯಾವಾಡಿ. ಎರಡಕ್ಕೂ ತುದಿ ಒಳಗೆ ಬಾಗಿ ಒಂದನ್ನೊಂದು ಮುಟ್ಟುವ ಕಿವಿ. ಎರಡರಲ್ಲೂ ರೇವಾಲ್ ಅನ್ನುವ ನಡಿಗೆ ಕೆಲವು ಕುದುರೆಗಳಿಗೆ ಹುಟ್ಟಿನಿಂದಲೇ ಬರುತ್ತದೆ. ಒಂದು ಪಕ್ಕದ ಹಿಂಗಾಲು, ಅದೇ ಪಕ್ಕದ ಮುಂಗಾಲು, ಆಮೇಲೆ ಇನ್ನೊಂದು ಪಕ್ಕದ ಹಿಂಗಾಲು, ಮುಂಗಾಲು. ಹೀಗೆ ಒಂದೊಂದಾಗಿ ಕಾಲು ನೆಲ ಮುಟ್ಟುತ್ತದೆ. ಯಾವಾಗಲೂ ಒಂದಾದರೂ ಕಾಲು ನೆಲದ ಮೇಲಿರುತ್ತದೆ. ಹಾಗಾಗಿ ಜೀನಿನ ಮೇಲೆ ಕೂತವರು ಕುಕ್ಕುವುದಿಲ್ಲ. ಮರಳುಗಾಡಿನಲ್ಲಿ ದಿನಗಟ್ಟಲೆ ಹೋಗುತ್ತಿದ್ದ ಸವಾರರು ಈ ನಡಿಗೆಗೆ ಬೆಲೆ ಕೊಟ್ಟಿದ್ದು ಇದಕ್ಕೇ.

ಆದರೆ ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಮಾರ್ವಾಡಿ ಎಂದ ಮಾತ್ರಕ್ಕೆ ರೇವಾಲ್ ಬರುತ್ತದೆ ಎಂದಲ್ಲ. ಇವತ್ತು ಬಹಳ ಕುದುರೆಗಳು ಮಾರಾಟವಾಗುವುದು ಎತ್ತರ, ಬಣ್ಣ, ಕಿವಿ ನೋಡಿಯೇ. ನಡಿಗೆ ಆಮೇಲಿನ ಮಾತು. ಆರಾಮವಾಗಿ ದೂರ ಹೋಗುವ ಕುದುರೆ ಬೇಕಾದವರು ಈ ಲೆಕ್ಕವನ್ನು ತಿರುಗಿಸಿಕೊಳ್ಳಬೇಕು. ನಡಿಗೆ ಮೊದಲು, ಆರೋಗ್ಯ ಆಮೇಲೆ, ಸ್ವಭಾವ ಅದರ ಜೊತೆಗೆ. ಅಂದ ಕೊನೆಗೆ.

ಕೊಳ್ಳುವ ಮೊದಲು ಕೂತು ನೋಡಿ

ರೇವಾಲ್ ಹೇಗಿರುತ್ತದೆ ಎಂದು ಮೈಗೆ ಗೊತ್ತಿಲ್ಲದೆ ಹುಡುಕಲು ಹೊರಡಬೇಡಿ. ರಾಜಸ್ಥಾನದಲ್ಲಿ ಜೋಧ್‌ಪುರದ ಹತ್ತಿರದ ರೋಹಟ್, ಶೇಖಾವಟಿ ಸೀಮೆಯ ಡೂಂಡ್ಲೋದ್, ಇಂಥ ಕಡೆ ಮಾರ್ವಾಡಿ ಕುದುರೆಗಳ ಮೇಲೆ ಸಫಾರಿ ನಡೆಯುತ್ತದೆ. ಎರಡು ಮೂರು ದಿನ ಅಲ್ಲಿ ಸವಾರಿ ಮಾಡಿ. ಬೇರೆ ಬೇರೆ ಕುದುರೆ ಕೇಳಿ. ಒಂದರ ಮೇಲೆ ಮೈ ಕುಲುಕುತ್ತದೆ, ಇನ್ನೊಂದರ ಮೇಲೆ ಕುಲುಕುವುದಿಲ್ಲ. ಆ ವ್ಯತ್ಯಾಸ ಒಮ್ಮೆ ಗೊತ್ತಾದರೆ ಯಾರೂ ನಿಮ್ಮನ್ನು ಮಾತಿನಲ್ಲಿ ಮರುಳು ಮಾಡಲಾಗುವುದಿಲ್ಲ.

ನಿಮ್ಮ ತೂಕವನ್ನೂ ಲೆಕ್ಕ ಹಾಕಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲು ದಾಟದಿದ್ದರೆ ಒಳ್ಳೆಯದು. 400 ಕಿಲೋ ಕುದುರೆಗೆ 80 ಕಿಲೋ. ಕಾಠಿಯಾವಾಡಿ ಸಾಮಾನ್ಯವಾಗಿ ಮಾರ್ವಾಡಿಗಿಂತ ಸ್ವಲ್ಪ ಚಿಕ್ಕದು. ದಪ್ಪ ಮೈಯವರು ಇದನ್ನು ಗಮನಿಸಬೇಕು.

ಹೊಸಬರಿಗೆ ಆರರಿಂದ ಹತ್ತು ವರ್ಷದ ಹೆಣ್ಣು ಕುದುರೆ, ಇಲ್ಲವೇ ಬೀಜ ತೆಗೆಸಿದ ಗಂಡು ಸರಿ. ಬೀಜದ ಕುದುರೆ ನೋಡಲು ಚೆಂದ, ಕುಣಿತವೂ ಜೋರು. ಪಕ್ಕದಲ್ಲಿ ಇನ್ನೊಂದು ಕುದುರೆ ಬಂದರೆ ಅದನ್ನು ಹಿಡಿಯುವುದು ಅನುಭವಿಗಳ ಕೆಲಸ. ಎರಡು ವರ್ಷದ ಮರಿಯನ್ನು "ಸವಾರಿಗೆ ರೆಡಿ" ಎಂದು ಯಾರಾದರೂ ತೋರಿಸಿದರೆ ಮುಂದೆ ನಡೆಯಿರಿ. ಕುದುರೆಯ ಬೆನ್ನೆಲುಬು ಬಲಿಯುವುದಕ್ಕೆ ಐದಾರು ವರ್ಷ ಬೇಕು. ಎಳೆಯದರಲ್ಲೇ ಭಾರ ಹೊತ್ತ ಕುದುರೆ ಬೇಗ ಸೋಲುತ್ತದೆ.

ಕಡಿಮೆ ಬೆಲೆಗೆ ಸಿಗುತ್ತದೆ ಎಂದು ರೇಸ್ ಬಿಟ್ಟ ಥರೋಬ್ರೆಡ್ (ರೇಸಿನ ತಳಿಯ ಕುದುರೆ) ತರುವವರು ಬೆಂಗಳೂರಲ್ಲಿ ಜಾಸ್ತಿ. ಒಳ್ಳೆಯ ಕುದುರೆಗಳೇ. ಆದರೆ ಅವುಗಳಲ್ಲಿ ರೇವಾಲ್ ಹುಡುಕಬೇಡಿ.

ಜಾತ್ರೆಯಲ್ಲಿ ಪರಿಚಯ ಮಾಡಿಕೊಳ್ಳಿ, ವ್ಯಾಪಾರ ಮನೆಯಲ್ಲಿ ಮಾಡಿ

ಸಾಕುವವರನ್ನು ಹುಡುಕಲು ಜಾತ್ರೆಯಷ್ಟು ಒಳ್ಳೆಯ ಜಾಗ ಇಲ್ಲ. ರಾಜಸ್ಥಾನದ ಬಾಲೋತ್ರಾ ಬಳಿಯ ತಿಲವಾಡಾದಲ್ಲಿ ಲೂಣಿ ನದಿಯ ಒಣ ಮರಳಿನ ಮೇಲೆ ಚೈತ್ರದಲ್ಲಿ ಮಲ್ಲಿನಾಥ ಜಾತ್ರೆ. ಅಜ್ಮೇರ್ ಹತ್ತಿರದ ಪುಷ್ಕರದಲ್ಲಿ ಕಾರ್ತಿಕದಲ್ಲಿ. ನಮಗೆ ಇನ್ನೂ ಹತ್ತಿರ ಬೇಕೆಂದರೆ ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ಸಾರಂಗಖೇಡಾ. ತಾಪಿ ನದಿಯ ದಂಡೆಯಲ್ಲಿ ದತ್ತ ಜಯಂತಿ ಹೊತ್ತಿಗೆ ದೊಡ್ಡ ಕುದುರೆ ಸಂತೆ ಸೇರುತ್ತದೆ. ಬೀದರ್ ಕಡೆಯವರಿಗೆ ನಾಂದೇಡ್ ಜಿಲ್ಲೆಯ ಮಾಳೇಗಾಂವ್ ಖಂಡೋಬಾ ಜಾತ್ರೆ ಪಕ್ಕದಲ್ಲೇ ಇದ್ದ ಹಾಗೆ. ಕಾಠಿಯಾವಾಡಿ ಬೇಕಾದವರು ಸೌರಾಷ್ಟ್ರಕ್ಕೆ ಹೋಗಬೇಕು. ಜುನಾಗಢದಲ್ಲಿ ಸರ್ಕಾರವೇ ಈ ತಳಿಯನ್ನು ಸಾಕುತ್ತದೆ. ಅಲ್ಲಿಂದ ವಿಚಾರಿಸಲು ಶುರು ಮಾಡಬಹುದು.

ಜಾತ್ರೆಯಲ್ಲಿ ಕಣ್ಣು ತುಂಬಾ ನೋಡಿ, ಮಾತಾಡಿ, ನಂಬರ್ ತೆಗೆದುಕೊಳ್ಳಿ. ದುಡ್ಡು ಮಾತ್ರ ಕೊಡಬೇಡಿ. ಅಲ್ಲಿ ಡೋಲು, ಧೂಳು, ಜನ. ಗಾಬರಿಯಾದ ಕುದುರೆ ತಲೆ ಎತ್ತಿ, ಬೆನ್ನು ಬಿಗಿದು, ಕಾಲು ಬೇಗ ಬೇಗ ಇಡುತ್ತದೆ. ನೋಡುವವರಿಗೆ ಅದು ರೇವಾಲ್ ಥರವೇ ಕಾಣುತ್ತದೆ. ಮನೆಗೆ ಬಂದು ಶಾಂತವಾದ ಮೇಲೆ ಅದೇ ಕುದುರೆ ಕುಕ್ಕಲು ಶುರು ಮಾಡುತ್ತದೆ. ಸಾಕಿದವರ ಅಂಗಳದಲ್ಲಾದರೆ ಕುದುರೆ ತನ್ನ ಪಾಡಿಗೆ ತಾನಿರುತ್ತದೆ. ಅದರ ತಾಯಿಯೂ ಅಲ್ಲೇ ಸಿಗಬಹುದು.

ಹೋಗುವ ಮೊದಲು ಫೋನ್ ಮಾಡಿ. ಮಾರ್ವಾಡದ ಠಾಕೂರ್ ಮನೆಗಳಲ್ಲಿ "ಹುಕುಂ" ಎಂದು ಗೌರವದಿಂದ ಮಾತಾಡಿಸುತ್ತಾರೆ. ಸೌರಾಷ್ಟ್ರದಲ್ಲಿ ಹಿರಿಯರನ್ನು "ಬಾಪು" ಅನ್ನುತ್ತಾರೆ. ಅವರಂತೆ ಮಾತಾಡಿಸಿದರೆ ಮಾತು ಸಲೀಸು. ಹಿಂದಿ ಸಾಕು. ಕೇಳಬೇಕಾದ್ದು ಇಷ್ಟು: ವಯಸ್ಸೆಷ್ಟು, ಯಾರು ಹತ್ತುತ್ತಾರೆ, ದಿನಕ್ಕೆ ಎಷ್ಟು ದೂರ ಹೋಗುತ್ತದೆ, ತಾಯಿ ತಂದೆಗೆ ರೇವಾಲ್ ಇದೆಯಾ, ಯಾಕೆ ಮಾರುತ್ತಿದ್ದೀರಿ. ಜೊತೆಗೆ ಒಂದು ವಿಡಿಯೋ ಕೇಳಿ. ಹಾಡು ಹಾಕಿದ್ದು ಬೇಡ. ಜೀನಿಲ್ಲದೆ ಬಯಲಲ್ಲಿ ಬಿಟ್ಟ ಕುದುರೆಯನ್ನು ಪಕ್ಕದಿಂದ ತೆಗೆದ ವಿಡಿಯೋ, ಗೊರಸಿನ ಸದ್ದು ಕೇಳುವ ಹಾಗೆ. ಕಳಿಸಲು ಹಿಂಜರಿಯುವವರ ಮನೆಗೆ ಸಾವಿರಾರು ಕಿಲೋಮೀಟರ್ ಹೋಗುವುದು ಸುಮ್ನೆ ಖರ್ಚು.

ಅಂಗಳದಲ್ಲಿ ಮೊದಲ ಅರ್ಧ ಗಂಟೆ

ನಾವು ಬರುವ ತನಕ ಜೀನು ಹಾಕಬೇಡಿ, ಓಡಿಸಬೇಡಿ ಎಂದು ಮೊದಲೇ ಹೇಳಿಡಿ. ಬೆಳಿಗ್ಗೆಯೇ ಓಡಿಸಿ ದಣಿಸಿದ ಕುದುರೆ ಯಾರ ಕೈಯಲ್ಲಾದರೂ ಸಾಧುವಾಗಿರುತ್ತದೆ. ಕುಂಟುವ ಕಾಲೂ ಬಿಸಿಯಾದ ಮೇಲೆ ಸರಿಯಾದಂತೆ ಕಾಣುತ್ತದೆ. ನೀವು ಹೋದಾಗ ಕುದುರೆ ಲಾಯದಲ್ಲಿ ನಿಂತು ಹುಲ್ಲು ತಿನ್ನುತ್ತಿರಬೇಕು.

ಹಗ್ಗ ಬಿಚ್ಚಿ ಬಿಡಲು ಹೇಳಿ. ಮೊದಲ ಎರಡು ನಿಮಿಷ ಹಾರುತ್ತದೆ, ಒದೆಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಮೇಲೆ ಮೆಲ್ಲಗೆ ಒಬ್ಬರು ಹಿಂದಿನಿಂದ ನಡೆಸಲಿ. ನಡಿಗೆಯಿಂದ ವೇಗ ಏರುವ ಜಾಗವನ್ನೇ ನೋಡುತ್ತಿರಿ. ರೇವಾಲ್ ರಕ್ತದಲ್ಲೇ ಇರುವ ಕುದುರೆ ಅಲ್ಲಿ ಕುಕ್ಕುಲೋಟಕ್ಕೆ ಹೋಗದೆ ನಡಿಗೆಯನ್ನೇ ಚುರುಕು ಮಾಡುತ್ತದೆ. ಬೆನ್ನು ಮೇಲೆ ಕೆಳಗೆ ಆಗುವುದಿಲ್ಲ. ಪೃಷ್ಠ ಒಂದೇ ಮಟ್ಟದಲ್ಲಿ ಹೋಗುತ್ತದೆ. ತಾಯಿ ಜೊತೆ ಮರಿ ಇದ್ದರೆ ಇನ್ನೂ ಒಳ್ಳೆಯದು. ಯಾರೂ ಕಲಿಸದ ಆ ಮರಿ ತಾಯಿಯ ಪಕ್ಕದಲ್ಲಿ ಪುಟ್ಟ ಕಾಲುಗಳನ್ನು ಒಂದೊಂದಾಗಿ ಇಡುತ್ತಾ ಸರಸರ ಹೋಗುತ್ತಿದ್ದರೆ, ಆ ಮನೆಯ ಕುದುರೆಗಳ ಬಗ್ಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈಗ ಕಣ್ಣು ಮುಚ್ಚಿ ಕೇಳಿ. ಗಟ್ಟಿ ನೆಲದ ಮೇಲೆ ಕುಕ್ಕುಲೋಟದ ಸದ್ದು ಎರಡೇ ಪೆಟ್ಟು: ಟಕ್, ಟಕ್. ರೇವಾಲ್ ಸದ್ದು ನಾಲ್ಕು: ತಕ ತಕ ತಕ ತಕ. ನಾಲ್ಕೂ ಸಮ ಅಂತರದಲ್ಲಿ ಬಂದಷ್ಟೂ ಮೇಲೆ ಕೂತವರಿಗೆ ಸುಖ. ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ ಬೀಳುತ್ತಿದ್ದರೆ ಅದು ಪೇಸ್ ಅನ್ನುವ ಬೇರೆ ನಡಿಗೆ. ಅದರಲ್ಲಿ ಮೇಲೆ ಕೆಳಗೆ ಕುಕ್ಕುವುದು ಕಡಿಮೆ, ಆದರೆ ಎಡಕ್ಕೂ ಬಲಕ್ಕೂ ಓಲಾಡಿಸುತ್ತದೆ. ದೂರದ ಸವಾರಿಯಲ್ಲಿ ಅದೂ ಸುಸ್ತು. ಕಣ್ಣು, ಕಿವಿಗೆ ಅನುಮಾನ ಬಂದರೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಪಕ್ಕದಿಂದ, ಮೊಣಕಾಲಿನ ಎತ್ತರದಲ್ಲಿ ಫೋನ್ ಹಿಡಿದು. ಯಾವ ಕಾಲು ಯಾವಾಗ ನೆಲ ಮುಟ್ಟಿತು ಎಂಬುದು ಅಲ್ಲಿ ಸ್ಪಷ್ಟ.

ಹತ್ತುವ ಮೊದಲು ಬಾಯಿ ನೋಡಿ

ಈ ಹೆಜ್ಜೆಯನ್ನು ಯಾರೂ ಬಿಡಬಾರದು. ರೇವಾಲ್ ಇಲ್ಲದ ಕುದುರೆಗೆ ಬಲವಂತವಾಗಿ ಅದನ್ನು ಹೇರುವವರಿದ್ದಾರೆ. ಒಂದೇ ಪಕ್ಕದ ಎರಡು ಕಾಲಿಗೆ ಹಗ್ಗ ಕಟ್ಟಿ ನಡೆಸುತ್ತಾರೆ. ಮುಳ್ಳಿರುವ ಲಗಾಮು ಹಾಕಿ ತಲೆ ಎತ್ತಿ ಹಿಡಿಯುತ್ತಾರೆ. ಇದನ್ನು ಅಲ್ಲಿ ಕಾಂಟಾ ಲಗಾಮು ಅನ್ನುತ್ತಾರೆ. ಭಾರ ಹೊರುವ ಮತ್ತು ಗಾಡಿ ಎಳೆಯುವ ಪ್ರಾಣಿಗಳ ಬಗೆಗಿನ 1965ರ ನಿಯಮಗಳೇ ಮುಳ್ಳಿನ ಲಗಾಮನ್ನು ನಿಷೇಧಿಸಿವೆ. ಆದರೂ ಮದುವೆ ಕುದುರೆಗಳ ಬಾಯಲ್ಲಿ ಅದು ಇನ್ನೂ ಕಾಣುತ್ತದೆ.

ಕುದುರೆಯ ತುಟಿಯ ಮೂಲೆಗೆ ಹೆಬ್ಬೆರಳು ಇಟ್ಟು ಮೆಲ್ಲಗೆ ಸರಿಸಿ. ಮೂಲೆಯಲ್ಲಿ ಗಟ್ಟಿ ಗಂಟು, ಬಿಳಿ ಕಲೆ, ಹಸಿ ಗಾಯ ಇದೆಯಾ? ನಾಲಿಗೆಯ ಮೇಲೆ ಅಡ್ಡ ಗೀರು ಇದೆಯಾ? ಗೊರಸಿನ ಮೇಲೆ, ಕಾಲಿನ ಗಂಟಿನ ಸುತ್ತ ಹಗ್ಗ ಉಜ್ಜಿ ಬಿಳಿ ಕೂದಲು ಬಂದಿದೆಯಾ? ಇದ್ದರೆ ಆ ನಡಿಗೆ ನೋವಿನಿಂದ ಬಂದಿದ್ದು. ಸಾದಾ ಲಗಾಮು ಹಾಕಿದ ದಿನ ಅದು ಮಾಯವಾಗಬಹುದು. ನೋವು ತಿಂದ ಕುದುರೆ ಮನುಷ್ಯರ ಕೈ ಕಂಡರೆ ತಲೆ ಎಗರಿಸುತ್ತದೆ, ಅದನ್ನೂ ಗಮನಿಸಿ.

ಬಾಯಿ ತೆರೆದಾಗಲೇ ವಯಸ್ಸನ್ನೂ ನೋಡಿಬಿಡಿ. ಎತ್ತು ಕೊಳ್ಳುವವರಿಗೆ ಈ ಲೆಕ್ಕ ಗೊತ್ತೇ ಇದೆ. ಕುದುರೆಗೆ ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಹೊಸದು ಬರುತ್ತದೆ. ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು. ಐದಕ್ಕೆ ಬಾಯಿಗೂಡುತ್ತದೆ, ಅಂದರೆ ಹಾಲುಹಲ್ಲೆಲ್ಲ ಹೋಗಿ ಹೊಸ ಹಲ್ಲು ತುಂಬಿರುತ್ತದೆ. ಸುಮಾರು ಹತ್ತು ವರ್ಷಕ್ಕೆ ಮೇಲಿನ ಮೂಲೆ ಹಲ್ಲಿನಲ್ಲಿ, ಒಸಡಿನ ಹತ್ತಿರ ಕಂದು ಗೀರೊಂದು ಕಾಣಲು ಶುರುವಾಗುತ್ತದೆ. ಅದು ಅರ್ಧ ಹಲ್ಲು ಇಳಿದಿದ್ದರೆ ಹದಿನೈದರ ಆಸುಪಾಸು. "ಏಳು ವರ್ಷ" ಎಂದವರ ಕುದುರೆಯಲ್ಲಿ ಈ ಗೀರು ಕಂಡರೆ ಅಲ್ಲಿಗೆ ಮಾತು ಮುಗಿಸಿ.

ಸವಾರಿ

ಮೊದಲು ಅವರ ಸವಾರ ಹತ್ತಲಿ. ಅವನ ಪೇಟ ನೋಡಿ. ಅದು ಜಿಗಿಯುತ್ತಿದ್ದರೆ ನಡಿಗೆ ಅಷ್ಟಕ್ಕಷ್ಟೇ. ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ಚೆಲ್ಲದೆ ಹೋಗಿ ತೋರಿಸುವವರೂ ಇದ್ದಾರೆ. ನೋಡಲು ಖುಷಿ. ಆದರೆ ಅದಕ್ಕಿಂತ ಮುಖ್ಯವಾದ ಪರೀಕ್ಷೆ ಬೇರೆ ಇದೆ: ಲಗಾಮು ಸಡಿಲ ಬಿಡಲು ಹೇಳಿ. ತಲೆ ಕೆಳಗಿಳಿಸಿ, ಕುತ್ತಿಗೆ ಚಾಚಿಕೊಂಡೂ ರೇವಾಲ್ ಉಳಿಸಿಕೊಂಡರೆ ಅದು ನಿಜವಾದ ನಡಿಗೆ. ಲಗಾಮು ಸಡಿಲವಾದ ಕೂಡಲೇ ಕುಕ್ಕಿದರೆ, ಆ ಸವಾರನ ಕೈ ಇರುವವರೆಗೆ ಮಾತ್ರ ಅದು ರೇವಾಲ್. ಆ ಕೈ ನಿಮ್ಮ ಜೊತೆ ಕರ್ನಾಟಕಕ್ಕೆ ಬರುವುದಿಲ್ಲ.

ಆಮೇಲೆ ನೀವು ಹತ್ತಿ. ಅಂಗಳದಲ್ಲಿ ಎರಡು ಸುತ್ತು ಹೊಡೆದು ಇಳಿಯಬೇಡಿ. ಅರ್ಧ ಗಂಟೆಯಾದರೂ ಹೊರಗೆ ಹೋಗಿ. ಮರಳು ಬೇಡ, ಗಟ್ಟಿ ನೆಲ, ಏರು, ಇಳಿಜಾರು ಹುಡುಕಿ. ನಮ್ಮೂರ ದಾರಿಗಳು ಹಾಗೇ ಅಲ್ವಾ? ಟ್ರ್ಯಾಕ್ಟರ್, ಬೈಕ್, ನಾಯಿ ಎದುರಾದಾಗ ಏನು ಮಾಡುತ್ತದೆ ನೋಡಿ. ಬೇರೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಹೋಗುತ್ತದೆಯಾ? ಮನೆ ಕಡೆ ತಿರುಗಿದ ಕೂಡಲೇ ಎಳೆದುಕೊಂಡು ಓಡುತ್ತದೆಯಾ? ಸುಸ್ತಾದ ಮೇಲೆ ನಡಿಗೆ ಕೆಡುತ್ತದೆಯಾ? ಮಾರನೆಯ ದಿನ ಹೇಳದೆ ಕೇಳದೆ ಇನ್ನೊಮ್ಮೆ ಹೋಗಿ ಹತ್ತಿ. ಅಮಲು ಬರಿಸುವ ಔಷಧಿ ಕೊಟ್ಟು ಸಾಧು ಮಾಡಿದ ಕುದುರೆ ಎರಡನೇ ದಿನ ತನ್ನ ನಿಜ ಗುಣ ತೋರಿಸುತ್ತದೆ.

ಡಾಕ್ಟರ್ ನಿಮ್ಮವರಾಗಿರಲಿ

ಮಾರುವವರ ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ನೀವು ಫೀಸು ಕೊಟ್ಟು ಕರೆದವರೇ ನೋಡಬೇಕು. ಕುದುರೆ ನೋಡಿ ಅನುಭವವಿರುವ ಪಶುವೈದ್ಯರು ಬೇಕು. ನಾಲ್ಕೂ ಗೊರಸು ಎತ್ತಿಸಿ ನೋಡಲಿ. ಕಾಲಿನ ಸ್ನಾಯುರಜ್ಜುಗಳ (ಟೆಂಡನ್) ಉದ್ದಕ್ಕೂ ಕೈ ಆಡಿಸಿ ಬಿಸಿ, ಊತ ಹುಡುಕಲಿ. ಗಂಟು ಮಡಚಿ ಹಿಡಿದು ಬಿಟ್ಟ ಕೂಡಲೇ ಓಡಿಸಿ ಕುಂಟು ಇದೆಯಾ ನೋಡಲಿ. ಕಣ್ಣು, ಎದೆ, ಉಸಿರು ಪರೀಕ್ಷಿಸಲಿ. ಸುಮ್ಮನೆ ನಿಂತಾಗ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44ರ ಒಳಗಿರಬೇಕು. ನೋವಿನ ಔಷಧಿ ಕೊಟ್ಟು ಕುಂಟು ಮುಚ್ಚಿದ್ದಾರೆ ಎಂಬ ಅನುಮಾನ ಇದ್ದರೆ ಅದಕ್ಕೂ ರಕ್ತ ಪರೀಕ್ಷೆ ಮಾಡಿಸಬಹುದು.

ಗ್ಲಾಂಡರ್ಸ್ ಪರೀಕ್ಷೆ ಕಡ್ಡಾಯ ಎಂದೇ ತಿಳಿಯಿರಿ. ಇದು ಕುದುರೆಯಿಂದ ಮನುಷ್ಯರಿಗೂ ಬರುವ ರೋಗ. ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. ಇದರ ರಕ್ತ ಪರೀಕ್ಷೆಗೆ ದೇಶದ ಮುಖ್ಯ ಜಾಗ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಬಿಕಾನೇರ್‌ನಲ್ಲೂ ಅದರ ಶಾಖೆ ಇದೆ. ಜೊತೆಗೆ ಇಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ (ಕುದುರೆಗಳಲ್ಲಿ ಹರಡುವ ರಕ್ತಹೀನತೆ) ಮತ್ತು ಸರ್ರಾ ರೋಗದ ಪರೀಕ್ಷೆಯನ್ನೂ ಮಾಡಿಸಿ. ಸರ್ರಾ ಕಚ್ಚುವ ನೊಣದಿಂದ ಹರಡುತ್ತದೆ. ಕುದುರೆ ಸುಮ್ಮನೆ ಬಡವಾಗುತ್ತಾ ಹೋಗುತ್ತದೆ. ವರದಿ ಕೈಗೆ ಬರುವ ತನಕ ಅಡ್ವಾನ್ಸ್ ಬಿಟ್ಟು ಬೇರೇನೂ ಕೊಡಬೇಡಿ. ವರದಿ ಸರಿಯಿಲ್ಲದಿದ್ದರೆ ಅಡ್ವಾನ್ಸ್ ವಾಪಸ್ ಎಂದು ಬರೆಸಿಕೊಳ್ಳಿ.

ಬೆಲೆ ಯಾವುದಕ್ಕೆ?

ಅಲ್ಲಿ ಎತ್ತರವನ್ನು ಇಂಚಿನಲ್ಲಿ ಹೇಳುತ್ತಾರೆ. ಕುತ್ತಿಗೆ ಬೆನ್ನು ಸೇರುವ ದಿಬ್ಬದ ತನಕ ಅಳತೆ. ಇಂಚು ಏರಿದಂತೆ ಬೆಲೆ ಜಿಗಿಯುತ್ತದೆ. ಗುಲಾಬಿ ಚರ್ಮದ ಬಿಳಿ ಕುದುರೆಗೆ ನುಕ್ರಾ ಅನ್ನುತ್ತಾರೆ. ಮದುವೆ ಮೆರವಣಿಗೆಗೆ ಅದಕ್ಕೇ ಬೇಡಿಕೆ. ಆದರೆ ಬಿಸಿಲಿಗೆ ಅದರ ಮೂತಿಯ ಚರ್ಮ ಸುಡುತ್ತದೆ. ನಾಲ್ಕು ಕಾಲು ಮತ್ತು ಮುಖ ಬಿಳಿ ಇದ್ದರೆ ಪಂಚಕಲ್ಯಾಣಿ, ಅದಕ್ಕೂ ಬೆಲೆ ಜಾಸ್ತಿ. ನಾವು ಎತ್ತಿಗೆ ನೋಡುವಂತೆ ಅವರೂ ಸುಳಿ ನೋಡುತ್ತಾರೆ. ಗಂಟಲಿನ ಮೇಲೆ ದೇವಮನ್ ಸುಳಿ ಇದ್ದರೆ ಶುಭ.

ನನ್ನ ಸಲಹೆ ಇಷ್ಟು: ಸಾದಾ ಕುಮೈದ್ ಬಣ್ಣದ, ಅಂದರೆ ಕೆಂಗಂದು ಮೈ, ಕಪ್ಪು ಜೂಲಿನ ಕುದುರೆ ಹುಡುಕಿ. ಎತ್ತರ ಮಧ್ಯಮ ಇರಲಿ. ಸುಳಿ ಸರಿಯಿಲ್ಲ ಎಂದು ಬೇರೆಯವರು ಬಿಟ್ಟ ಕುದುರೆಯ ನಡಿಗೆ ಚೆನ್ನಾಗಿದ್ದರೆ ಧೈರ್ಯವಾಗಿ ಮಾತಾಡಿ. ಮುಂದೆ ಮಾರುವಾಗ ನಿಮಗೂ ಕಡಿಮೆ ಸಿಗುತ್ತದೆ ಎಂಬುದು ಮಾತ್ರ ನೆನಪಿರಲಿ.

ಕಾಗದ ಪತ್ರದಲ್ಲಿ ಮಾರ್ವಾಡಿಗೆ ತಳಿ ನೋಂದಣಿ ಇದೆ. 2009ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕುದುರೆಯ ಗುರುತು, ಅಳತೆ ಬರೆದುಕೊಂಡು, ಮೈಮೇಲೆ ಬಹಳ ತಣ್ಣಗೆ ಮಾಡಿದ ಲೋಹದ ಮುದ್ರೆಯಲ್ಲಿ ನಂಬರ್ ಒತ್ತುತ್ತಾರೆ. ಪತ್ರದ ನಂಬರ್, ಮೈಮೇಲಿನ ನಂಬರ್ ಎರಡೂ ಒಂದೇನಾ ಎಂದು ನೀವೇ ಓದಿ ನೋಡಿ. ನೋಂದಣಿ ಇರುವುದು ತಳಿಗೆ, ನಡಿಗೆಗಲ್ಲ. ಸವಾರಿಗೆ ಮಾತ್ರ ಬೇಕು, ಮರಿ ಹಾಕಿಸುವುದಿಲ್ಲ ಎನ್ನುವವರು ಪತ್ರವಿಲ್ಲದ ಒಳ್ಳೆಯ ಕುದುರೆಯನ್ನೂ ನೋಡಬಹುದು. ಏನೇ ಆದರೂ ಮಾರಾಟದ ಪತ್ರದಲ್ಲಿ ಬಣ್ಣ, ಸುಳಿ, ಗುರುತು, ವಯಸ್ಸು, ಬೆಲೆ, ಎರಡೂ ಕಡೆಯ ಸಹಿ ಇರಲಿ.

ದಾರಿ, ಮತ್ತು ಮೊದಲ ತಿಂಗಳು

ಜೋಧ್‌ಪುರದಿಂದ ಬೆಂಗಳೂರಿಗೆ ಸುಮಾರು ಎರಡು ಸಾವಿರ ಕಿಲೋಮೀಟರ್. ಕುದುರೆ ಸಾಗಿಸಿ ಅಭ್ಯಾಸವಿರುವ ಲಾರಿಯವರನ್ನೇ ಹಿಡಿಯಿರಿ. ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ ಮತ್ತು ರಕ್ತ ಪರೀಕ್ಷೆಯ ವರದಿ ಲಾರಿಯಲ್ಲೇ ಇರಬೇಕು. ನೆಲಕ್ಕೆ ದಪ್ಪವಾಗಿ ಮರಳು ಅಥವಾ ಹುಲ್ಲು ಹಾಕಿಸಿ. ತಲೆಯನ್ನು ಬಿಗಿಯಾಗಿ ಎತ್ತಿ ಕಟ್ಟಲು ಬಿಡಬೇಡಿ. ತಲೆ ಕೆಳಗಿಳಿಸಲಾಗದ ಕುದುರೆಯ ಮೂಗಿನ ಧೂಳು, ಸಿಂಬಳ ಶ್ವಾಸಕೋಶಕ್ಕೆ ಇಳಿದು ಜ್ವರ ಬರುತ್ತದೆ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ನಡುವೆ ಪುಣೆ ಅಥವಾ ಕೊಲ್ಹಾಪುರದಲ್ಲಿ ಒಂದು ರಾತ್ರಿ ಇಳಿಸಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಬರುವಾಗ ಅಲ್ಲಿನ ಹುಲ್ಲು, ಕಾಳು ನಾಲ್ಕು ಚೀಲ ತನ್ನಿ. ಮೇವು ಒಮ್ಮೆಲೇ ಬದಲಾದರೆ ಹೊಟ್ಟೆನೋವು ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಹೊಟ್ಟೆನೋವು ಪ್ರಾಣಕ್ಕೇ ಬರಬಹುದು. ಹತ್ತರಿಂದ ಹದಿನಾಲ್ಕು ದಿನ ಹಳೆಯದಕ್ಕೆ ಹೊಸದು ಬೆರೆಸುತ್ತಾ ಬನ್ನಿ. ಒಣ ಹುಲ್ಲು ದಿನಕ್ಕೆ ಮೈತೂಕದ ನೂರಕ್ಕೆ ಎರಡರಷ್ಟು, ಅಂದರೆ ಏಳೆಂಟು ಕಿಲೋ ಬೇಕು. ಬರೀ ರಾಗಿ ಹುಲ್ಲು ಸಾಲದು. ಬೇಯಿಸಿದ ಹುರುಳಿ ಸ್ವಲ್ಪ ಸ್ವಲ್ಪ ಸೇರಿಸಬಹುದು. ಬೇರೆ ಕುದುರೆಗಳಿದ್ದರೆ ಮೊದಲ ಕೆಲವು ವಾರ ಹೊಸದನ್ನು ದೂರ ಕಟ್ಟಿ. ಮಲೆನಾಡು, ಕರಾವಳಿಯವರು ಗೊರಸಿನ ಕಡೆ ಹೆಚ್ಚು ಕಣ್ಣಿಡಬೇಕು. ಒಣ ಮರಳಿನಲ್ಲಿ ಬೆಳೆದ ಗೊರಸು ಒದ್ದೆ ನೆಲದಲ್ಲಿ ಬೇಗ ಕೊಳೆಯುತ್ತದೆ.

ಲಾಳದ ವಿಷಯ ಒಂದಿದೆ, ನಡಿಗೆಗೂ ಅದಕ್ಕೂ ನೇರ ಸಂಬಂಧ. ಗೊರಸಿನ ಉದ್ದ, ಓರೆ, ಲಾಳದ ತೂಕ ಬದಲಾದರೆ ಕಾಲು ನೆಲ ಮುಟ್ಟುವ ಲೆಕ್ಕವೇ ಬದಲಾಗುತ್ತದೆ. ಸಮನಾದ ನಾಲ್ಕು ಪೆಟ್ಟು ಕೆಟ್ಟು ಹೋಗಬಹುದು. ಹಾಗಾಗಿ ಸಾಕಿದವರ ಮನೆಯಲ್ಲೇ ನಾಲ್ಕೂ ಗೊರಸಿನ ಫೋಟೋ ಪಕ್ಕದಿಂದ, ಎದುರಿನಿಂದ, ಅಡಿಯಿಂದ ತೆಗೆದಿಟ್ಟುಕೊಳ್ಳಿ. ಹಳೆಯ ಲಾಳ ಒಂದು ಸಿಕ್ಕರೆ ಕೇಳಿ ತನ್ನಿ. ಬೆಂಗಳೂರು, ಮೈಸೂರಿನ ಲಾಳ ಕಟ್ಟುವವರಲ್ಲಿ ಹಲವರಿಗೆ ರೇಸ್ ಕುದುರೆಯ ಹಗುರ ಲಾಳವೇ ಅಭ್ಯಾಸ. ಆರರಿಂದ ಎಂಟು ವಾರಕ್ಕೊಮ್ಮೆ ಅವರು ಬಂದಾಗ ಫೋಟೋ ತೋರಿಸಿ, ಇದೇ ಓರೆ ಇರಲಿ, ಇದೇ ತೂಕ ಇರಲಿ ಎಂದು ಪಕ್ಕದಲ್ಲೇ ನಿಂತು ಮಾಡಿಸಿ.